ತೆಂಕಿಗೆ ಬಾಗಿದ ಮೊಳಕೆಗಳು

ಹುಳಿತ ಹಾಲು, ಹುತ್ತದ ಮಣ್ಣು, ನೆನೆದು ಒಡೆದ ಹೆಸರುಕಾಳು… ಮೂರೂ ಸೇರಿದರೆ ಒಂದು ವಾಸನೆ ಬರುತ್ತದೆ. ಒಳ್ಳೆಯ ವಾಸನೆ ಅಂತ ಹೇಳಲಾರೆ, ಕೆಟ್ಟದ್ದಂತೂ ಅಲ್ಲ. ಹೋದ ತಿಂಗಳು ಶೃಂಗೇರಿಯಲ್ಲಿ ನೆಂಟರ ಮನೆಯ ಉಪನಯನಕ್ಕೆ ಎರಡು ದಿನ ಮೊದಲೇ ಹೋಗಿದ್ದೆ. ಬ್ಯಾಗು ಇಡಲು ಒಳಕೋಣೆಯ ಬಾಗಿಲು ದೂಡಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಮೂಲೆಯಲ್ಲಿ, ರಂಗೋಲಿಯ ಮೇಲೆ, ಐದು ಮಣ್ಣಿನ ಬಟ್ಟಲುಗಳಿದ್ದವು.

ಪಾಲಿಕೆ ಎನ್ನುತ್ತಾರೆ. ಮದುವೆ, ಮುಂಜಿಗೆ ಕೆಲವು ದಿನ ಮೊದಲು ಈ ಬಟ್ಟಲುಗಳಲ್ಲಿ ಭತ್ತ, ಹೆಸರು, ಉದ್ದು, ಎಳ್ಳು, ಸಾಸಿವೆ ಬಿತ್ತಿ, ಹಾಲು ಬೆರೆಸಿದ ನೀರು ಚಿಮುಕಿಸಿ, ಬೆಳಕು ಬೀಳದ ಕಡೆ ಇಡುತ್ತಾರೆ. ನಾಲ್ಕು ದಿಕ್ಕಿಗೆ ನಾಲ್ಕು, ನಡುವೆ ಒಂದು. ಕಾಳು ಮೊಳೆತು ಹಳದಿಯಾಗಿ, ಉದ್ದಕ್ಕೆ, ನೆಟ್ಟಗೆ ಎದ್ದರೆ ಶುಭ. ಕಾರ್ಯ ಮುಗಿದ ಮೇಲೆ ಹೊಳೆಗೆ ಬಿಡುತ್ತಾರೆ.

ನಾನು ಬ್ಯಾಗನ್ನು ಕೈಯಲ್ಲೇ ಹಿಡಿದು ಮೊಳಕೆಗಳು ಎತ್ತ ಬಾಗಿವೆ ಎಂದು ನೋಡಿದೆ. ಎಲ್ಲಿ ಪಾಲಿಕೆ ಕಂಡರೂ ನಾನು ಮೊದಲು ನೋಡುವುದು ಅದನ್ನೇ. ಆಮೇಲೆ ಕಿಟಕಿ ಎಲ್ಲಿದೆ ಎಂದು ನೋಡುತ್ತೇನೆ. ಆಮೇಲೆ ಬಾಟನಿ ಮೇಡಂ ನೆನಪಾಗುತ್ತಾರೆ. ಈ ಕ್ರಮ ಒಮ್ಮೆಯೂ ತಪ್ಪಿಲ್ಲ.

ಕೊಪ್ಪದ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ, ಅವರು ಬಾಟನಿ. ಬಸ್‌ಸ್ಟ್ಯಾಂಡಿನ ಹಿಂದಿನ ಏರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯನ್ನು ಇಬ್ಬರೂ ಸೇರಿ ಹಿಡಿದಿದ್ದೆವು. ಅವರು ನನಗಿಂತ ಆರೇಳು ವರ್ಷಕ್ಕೆ ದೊಡ್ಡವರು. ಒಂದೇ ಒಲೆಯಲ್ಲಿ ಅನ್ನ ಬೇಯಿಸಿಕೊಂಡರೂ ನಾನು ಮನೆಯಲ್ಲೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, ಎಲ್ಲದಕ್ಕೂ ಮಾರಾಯ್ತಿ. ಸಾರಿಗೆ ಉಪ್ಪು ಹೆಚ್ಚಾದರೂ ಮಾರಾಯ್ತಿ, ಸಂಬಳ ತಡವಾದರೂ ಮಾರಾಯ್ತಿ.

ಅವರ ಮುಖ ಬರೆಯಲು ಹೊರಟರೆ ಸಿಗುತ್ತಿಲ್ಲ. ಕನ್ನಡಕ ಇತ್ತು ಎಂದು ನನ್ನ ನೆನಪು. ಕಾಲೇಜಿನ ಗ್ರೂಪ್ ಫೋಟೋದಲ್ಲಿ ನೋಡಿದರೆ ಕನ್ನಡಕವಿಲ್ಲ. ಫೋಟೋಗೆಂದು ತೆಗೆದಿದ್ದರೋ, ನಾನೇ ಆಮೇಲೆ ಯಾವಾಗಲೋ ಹಾಕಿದೆನೋ… ಬೆರಳುಗಳು ಮಾತ್ರ ಗಟ್ಟಿಯಾಗಿ ಉಳಿದಿವೆ. ಉಗುರಿನ ಸಂದಿನಲ್ಲಿ ಯಾವಾಗಲೂ ಸ್ವಲ್ಪ ಮಣ್ಣು, ಅದರ ಮೇಲೆ ಚಾಕ್‌ಪುಡಿ.

ನನ್ನ ತರಗತಿಗೂ ಅವರ ಲ್ಯಾಬಿಗೂ ನಡುವೆ ಇದ್ದ ಗೋಡೆ ಮಾಡಿನವರೆಗೆ ಏರಿರಲಿಲ್ಲ. ನಾನು ಷಟ್ಪದಿ ಬಿಡಿಸುತ್ತಿದ್ದರೆ ನಡುವೆ ಎಥಿಲೀನ್ ಬಂದು ಬೀಳುತ್ತಿತ್ತು. ಗಿಡದ ಹಾರ್ಮೋನುಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಗೋಡೆಯ ಮೇಲಿನಿಂದ ಬಂದದ್ದು. ಅಕ್ಕಿ ಡಬ್ಬದಲ್ಲಿಟ್ಟ ಬಾಳೆಕಾಯಿ ಬೇಗ ಹಣ್ಣಾಗುವುದು ಯಾಕೆ? ಕಾಯಿ ತಾನೇ ಬಿಡುವ ಎಥಿಲೀನ್ ಗಾಳಿ ಹೊರಗೆ ಹೋಗಲಾರದೆ ಮತ್ತೆ ಕಾಯಿಯ ಮೇಲೇ ಕೆಲಸ ಮಾಡುತ್ತದೆ. ನೀರಿಲ್ಲದ ದಿನಗಳಲ್ಲಿ ಎಲೆಯ ಬಾಯಿ ಮುಚ್ಚಿಸುವುದು ಇನ್ನೊಂದು ಹಾರ್ಮೋನು. ಹೊತ್ತಲ್ಲದ ಹೊತ್ತಿನಲ್ಲಿ ಏಳದ ಹಾಗೆ ಬೀಜವನ್ನು ಮಲಗಿಸಿಡುವುದೂ ಅದೇ. ಕಾಫಿ ಗಿಡದ ನೆತ್ತಿ ಕತ್ತರಿಸಿದರೆ ಪಕ್ಕದ ಕಣ್ಣುಗಳೆಲ್ಲ ಒಡೆಯುತ್ತವಲ್ಲ, ಅದು ಯಾಕೆ? ತುದಿ ಮೇಲೆ ಕೂತು ಕೆಳಗಿನವರನ್ನು ಬೆಳೆಯಲು ಬಿಡುತ್ತಿರಲಿಲ್ಲ.

"ನಮ್ಮ ಪ್ರಿನ್ಸಿಪಾಲರ ಹಾಗಾ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಒಂದು ದನಿ.

"ಅವ್ರಿಗೆ ಕೇಳಿಸಿದ್ರೆ ಮೊದಲು ನಿನ್ನ ತುದಿ ಕತ್ತರಿಸ್ತಾರೆ. ಸುಮ್ನೆ ಬರ್ಕೋ."

ಗೋಡೆಯ ಈಚೆ ನನ್ನ ತರಗತಿಯೂ ನಗುತ್ತಿತ್ತು.

ಅವರಿಗೆ ಇಷ್ಟವಾದದ್ದು ಬೆಳಕಿನ ಪಾಠ. ಚಪ್ಪಲಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆ ತಂದು, ಒಂದು ಮಗ್ಗುಲಿಗೆ ತೂತು ಕೊರೆದು, ಒಳಗೆ ಭತ್ತದ ಮೊಳಕೆಗಳನ್ನು ಇಡುತ್ತಿದ್ದರು. ಅರ್ಧದಷ್ಟಕ್ಕೆ ಚಾಕೊಲೇಟಿನ ಬೇಗಡೆ ಕಾಗದದ ಟೊಪ್ಪಿ. ಮಾರನೆಯ ದಿನ ಪೆಟ್ಟಿಗೆ ತೆರೆದರೆ ಟೊಪ್ಪಿ ಹಾಕಿದವು ನೆಟ್ಟಗೆ ನಿಂತಿರುತ್ತಿದ್ದವು, ಬರಿತಲೆಯವು ತೂತಿನ ಕಡೆ ಬಾಗಿರುತ್ತಿದ್ದವು. ಬೆಳಕು ತಿಳಿಯುವುದು ತುದಿಗೆ, ಬಾಗುವುದು ಅದರ ಕೆಳಗೆ. ಅಂದರೆ ತುದಿಯಿಂದ ಏನೋ ಕೆಳಗೆ ಇಳಿದು ಹೋಗಿರಬೇಕು. ಆ ಏನೋ ಎಂಬುದೇ ಆಕ್ಸಿನ್. ಮಕ್ಕಳು ಅವರಿಗೆ ಆಕ್ಸಿನ್ ಮೇಡಂ ಎಂದು ಹೆಸರಿಟ್ಟಿದ್ದರು. ಅವರಿಗೂ ಗೊತ್ತಿತ್ತು.

ಒಮ್ಮೆ ನಾನು ಮನೆಯಲ್ಲಿ, "ಪಾಪ, ಬೆಳಕಿಗೆ ಎಷ್ಟು ಹಂಬಲ ನೋಡಿ ಅದಕ್ಕೆ" ಎಂದೆ. ಅವರಿಗೆ ನಿಜವಾಗಿಯೂ ಸಿಟ್ಟು ಬಂತು.

"ಗಿಡಕ್ಕೆ ಹಂಬಲ ಗಿಂಬಲ ಇಲ್ಲ ಮಾರಾಯ್ತಿ. ಆಕ್ಸಿನ್ ಕತ್ತಲೆ ಬದಿಗೆ ಸರಿಯುತ್ತೆ. ಕತ್ತಲೆ ಬದಿ ಜಾಸ್ತಿ ಬೆಳೆಯುತ್ತೆ, ಬೆಳಕಿನ ಬದಿ ಕಡಿಮೆ. ಒಂದು ಬದಿ ಉದ್ದ ಆದ್ರೆ ಬಾಗದೆ ಎಂತ ಮಾಡುತ್ತೆ? ನೀವು ಕನ್ನಡದವರು ಅದನ್ನೇ ಹಂಬಲ ಅಂತೀರಿ."

ಅಡಿಗೆಮನೆಯ ಕಿಟಕಿಯಲ್ಲಿ ಗಾಜಿನ ಬಾಟಲಿಯೊಳಗೆ ಒಂದು ಬಳ್ಳಿ ಇತ್ತು. ಬೆಳಿಗ್ಗೆ ಹಲ್ಲುಜ್ಜುತ್ತ ಅದನ್ನು ಸ್ವಲ್ಪ ತಿರುಗಿಸುವುದು ಅವರ ಅಭ್ಯಾಸ. ಹಾಗೆ ತಿರುಗಿಸಿದರೆ ಯಾವ ಬದಿಯೂ ಹೆಚ್ಚು ಬೆಳೆಯದೆ ಬಳ್ಳಿ ನೇರ ಇರುತ್ತದೆ. ಬಳ್ಳಿ ತಂದುಕೊಟ್ಟವರು ಸೀತೂರಿನ ಕಡೆಯವರು. ನರಸಿಂಹರಾಜಪುರದಲ್ಲಿ ಕೆಲಸ. ಮೇಡಂಗೆ ನಿಶ್ಚಯವಾಗಿದ್ದ ಗಂಡು.

ಅದಕ್ಕೆ ಮೊದಲು ಬಂದ ಸಂಬಂಧಗಳೆಲ್ಲ ಜಾತಕದಲ್ಲೋ ಮಾತುಕತೆಯಲ್ಲೋ ಮುರಿದಿದ್ದವು. ಇದು ಕೂಡಿತು. ಹೆಣ್ಣು ನೋಡುವ ಶಾಸ್ತ್ರ ಮುಗಿದು, ಮಾತು ಗಟ್ಟಿಯಾಗಿ, ಆಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ಇಷ್ಟಪಟ್ಟರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಅವರು ಕೊಪ್ಪಕ್ಕೆ ಬರುತ್ತಿದ್ದರು. ಪ್ರತಿ ಸಲವೂ ಏನೋ ಒಂದು ಕೆಲಸದ ನೆಪ. ಮೆಟ್ಟಿಲ ಮೇಲೆ ಕೂತು ಇಬ್ಬರೂ ಕಾಫಿ ಕುಡಿಯುತ್ತಿದ್ದರು. ನಾನು ಬೇಡದ ಸಾಮಾನು ತರಲು ಅಂಗಡಿಗೆ ಹೋಗುತ್ತಿದ್ದೆ. ಮನೆಯಲ್ಲಿ ಸಾಸಿವೆ ಬಹಳ ಸೇರಿತ್ತು. ಅವರು ಹೋದ ಮೇಲೆ ಮೇಡಂ ಎರಡೂ ಲೋಟ ತೊಳೆಯದೆ ತುಂಬ ಹೊತ್ತು ಹಾಗೇ ಇಟ್ಟಿರುತ್ತಿದ್ದರು. ಇದು ಹಂಬಲ ಅಲ್ಲವಾ ಎಂದು ನಾನು ಕೇಳಲಿಲ್ಲ. ಕೇಳಬಹುದಿತ್ತು, ಅವರು ನಗುತ್ತಿದ್ದರು.

ಮದುವೆ ನೆಮ್ಮಾರಿನಲ್ಲಿ, ಅವರ ತಂದೆಯ ಮನೆಯಲ್ಲಿ. ತಂದೆ ಸುತ್ತಲ ಊರುಗಳಲ್ಲಿ ಮದುವೆ ಮುಂಜಿ ಮಾಡಿಸುತ್ತಿದ್ದ ಪುರೋಹಿತರು. ತಾಯಿ ಇರಲಿಲ್ಲ, ಅತ್ತೆಯೊಬ್ಬರು ಮನೆ ನೋಡಿಕೊಳ್ಳುತ್ತಿದ್ದರು. ಊರವರ ಮನೆಗಳಲ್ಲೆಲ್ಲ ಪಾಲಿಕೆ ಇಟ್ಟ ಕೈ ಕೊನೆಗೂ ತನ್ನ ಮಗಳಿಗೆ ಇಟ್ಟಿತು. ಹುತ್ತದ ಮಣ್ಣನ್ನು ತಾವೇ ಜರಡಿ ಹಿಡಿದರು. ಒಳಕೋಣೆಯಲ್ಲಿ ಐದು ಬಟ್ಟಲು. ಒಂದೊಂದಕ್ಕೂ ಅದರದೇ ದಿಕ್ಕು, ಮಂತ್ರ ಹೇಳಿ ಇಟ್ಟ ಮೇಲೆ ಹೊಳೆಗೆ ಬಿಡುವವರೆಗೆ ಕದಲಿಸುವ ಹಾಗಿಲ್ಲ. ಮುತ್ತೈದೆಯರು ಹಾಲುನೀರು ಚಿಮುಕಿಸಬಹುದು, ಅಷ್ಟೇ. ಆ ಕೋಣೆಗೆ ಇದ್ದದ್ದು ಒಂದೇ ಒಂದು ಸಣ್ಣ ಕಿಟಕಿ. ಅದು ತೆಂಕಿಗೆ. ತೆಂಕು ಯಮನ ದಿಕ್ಕು ಎಂದು ಅದನ್ನು ಯಾರೂ ತೆರೆಯುತ್ತಿರಲಿಲ್ಲ.

ಮೇಡಂ ಆ ಕಿಟಕಿ ತೆರೆದಾಗ ನಾನು ಪಕ್ಕದಲ್ಲೇ ಇದ್ದೆ ಎಂದು ಎಷ್ಟೋ ವರ್ಷ ನಂಬಿದ್ದೆ. ತುಕ್ಕು ಹಿಡಿದ ಚಿಲಕ ಎಳೆದ ಸದ್ದು, ಧೂಳಿನ ಮೇಲೆ ಬಿದ್ದ ಬೆಳಕಿನ ಪಟ್ಟಿ, ಎಲ್ಲ ಕಾಣುತ್ತದೆ. ಆದರೆ ನಾನು ಕೊಪ್ಪದಿಂದ ಹೊರಟದ್ದು ಅದೇ ದಿನ ಮಧ್ಯಾಹ್ನದ ಬಸ್ಸಿಗೆ. ಕಿಟಕಿ ತೆರೆದದ್ದು ಬೆಳಿಗ್ಗೆ. ನಾನು ಅಲ್ಲಿ ಇರಲು ಸಾಧ್ಯವೇ ಇಲ್ಲ. ಅವರು ಆಮೇಲೆ ಅಷ್ಟು ಸಲ ಹೇಳಿದರು, ಅವರ ಕಣ್ಣು ನನ್ನದಾಗಿಬಿಟ್ಟಿತು.

ಆದದ್ದು ಇಷ್ಟು. ಮದುವೆಗೆ ಎರಡು ದಿನ ಇತ್ತು. ಸೆಕೆ. ಬಾಗಿಲು ಮುಚ್ಚಿದ ಕೋಣೆ. ಮೇಡಂ ಒಳಗೆ ಇಣುಕಿದರು. ಮೊಳಕೆಗಳು ಚೆನ್ನಾಗಿಯೇ ಎದ್ದಿದ್ದವು, ಆದರೆ ಮಣ್ಣಿನ ಮೇಲೆ ಬಿಳಿ ಬೂಷ್ಟು ಕೂತಿತ್ತು. ಗಾಳಿಯಾಡದಿದ್ದರೆ ಇನ್ನೆರಡು ದಿನದಲ್ಲಿ ಬುಡ ಕೊಳೆತು ಅಷ್ಟೂ ನೆಲಕ್ಕೆ ಮಲಗುತ್ತವೆ ಎಂದು ಅವರಿಗೆ ಗೊತ್ತಿತ್ತು. ಮಲಗಿದರೆ ತಂದೆ ಏನು ಹೇಳುತ್ತಾರೆ ಎಂಬುದೂ ಗೊತ್ತಿತ್ತು. ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದರು. ಸ್ವಲ್ಪ ಹೊತ್ತು ಗಾಳಿ ಆಡಲಿ, ಆಮೇಲೆ ಬಂದು ಮುಚ್ಚುವ ಎಂದುಕೊಂಡರು. ಅಷ್ಟರಲ್ಲಿ ಶೃಂಗೇರಿಯಿಂದ ಬಳೆಗಾರ ಬಂದ. ಮೇಡಂ ಅವರನ್ನು ಚಾಪೆಯ ಮೇಲೆ ಕೂರಿಸಿದರು. ಕೈ ದಪ್ಪ, ಬಳೆ ಸಣ್ಣ, ಎಣ್ಣೆ ಹಚ್ಚಿ ಒತ್ತಿ ಒತ್ತಿ ತೊಡಿಸುವಾಗ ಹೆಂಗಸರೆಲ್ಲ ಸೇರಿ ತಮಾಷೆ ಮಾಡಿದರು. ಆಮೇಲೆ ನೆಂಟರು ಬಂದರು, ನಾನೂ ಬಂದೆ. ಅವರು ನನ್ನ ಕೈ ಹಿಡಿದು ತೋಟದ ದಾರಿಯಲ್ಲಿ ಹೊಳೆಯವರೆಗೆ ಕರೆದುಕೊಂಡು ಹೋದರು. ತುಂಬ ಮಾತಾಡಿದರು. ಏನು ಮಾತಾಡಿದರೋ ಒಂದೂ ನೆನಪಿಲ್ಲ, ಬಳೆಗಳ ಸದ್ದು ಮಾತ್ರ… ಕಿಟಕಿ ಮರೆತೇ ಹೋಯಿತು.

ಮರುದಿನ ಬೆಳಿಗ್ಗೆ ಹಾಲುನೀರಿನ ತಂಬಿಗೆ ಹಿಡಿದು ಒಳಗೆ ಹೋದ ಅತ್ತೆ, "ಅಯ್ಯೋ, ಇದೆಂತ!" ಎಂದರು. ಇದು ನನ್ನದೇ ಕಿವಿ. ಮುಂದಿನದೂ ನನ್ನದೇ ಕಣ್ಣು. ಐದೂ ಬಟ್ಟಲಿನ ಮೊಳಕೆಗಳು ಒಂದೇ ಕಡೆಗೆ, ತೆಂಕಿಗೆ, ಬಾಗಿದ್ದವು. ಯಾರೋ ಕೈಯಿಂದ ನೇವರಿಸಿ ಬಾಗಿಸಿದ ಹಾಗೆ. ಮೇಡಂ ತಂದೆ ಬಂದರು. ಕುಕ್ಕರುಗಾಲಿನಲ್ಲಿ ಕೂತರು. ಹೆಗಲ ಮೇಲಿನ ಶಲ್ಯವನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಮೇಡಂ ಮುಖಕ್ಕೆ ಅರಿಶಿನ ಹಚ್ಚಿಸಿಕೊಂಡು ಕೂತಿದ್ದವರು ಹಾಗೇ ಎದ್ದು ಬಂದರು. ನೋಡಿದ ತಕ್ಷಣ ಅವರಿಗೆ ತಿಳಿಯಿತು. ಮೊದಲು ನಕ್ಕರು ಕೂಡ. ಸಮಾಧಾನದ ನಗು, ಇಷ್ಟೇನಾ ಎಂಬಂಥದ್ದು. ಕೋಣೆಯ ಬಾಗಿಲಲ್ಲಿ ನಿಂತು ವಿವರಿಸಿದರು. ಕಿಟಕಿ ತೆರೆದದ್ದು ತಾನು. ಕತ್ತಲೆಯಲ್ಲಿ ಬೆಳೆದ ಮೊಳಕೆಗೆ ಎಳ್ಳಿನಷ್ಟು ಬೆಳಕು ತಾಗಿದರೂ ಸಾಕು. ತುದಿ, ಕತ್ತಲೆ ಬದಿ, ಆಕ್ಸಿನ್. ಗಾಳಿಯಲ್ಲಿ ಬೆರಳಿನಿಂದ ಚಿತ್ರ ಬರೆದು ತೋರಿಸಿದರು. ಒಳಕೋಣೆಯ ಮುಂದೆ ಸೇರಿದ್ದ ನೆಂಟರೆಲ್ಲ ಕೇಳಿದರು. ಅವರು ಮಾಡಿದ ಅತ್ಯುತ್ತಮ ಪಾಠ ಅದೇ ಇರಬೇಕು. ಯಾರೂ ಸುಳ್ಳು ಎನ್ನಲಿಲ್ಲ. ಬಸರೀಕಟ್ಟೆಯಿಂದ ಬಂದಿದ್ದ ಮಾವ ಒಬ್ಬರು, "ಹಾಗಾದ್ರೆ ಗೋಡೆ ಬದಿಯ ಬಾಳೆಕಂದು ವಾಲುವುದೂ ಇದಕ್ಕೇಯಾ?" ಎಂದು ಕೇಳಿದರು. ಮೇಡಂ ಹೌದು ಮಾವ ಎಂದರು. "ಕೂಸಿನ ಕಾಲೇಜು ಮನೆಗೇ ಬಂತು" ಎಂದು ಯಾರೋ ಹೆಂಗಸು ನಕ್ಕರು.

"ಅಪ್ಪಯ್ಯ, ಬಟ್ಟಲನ್ನ ಒಂದು ಸಲ ತಿರುಗಿಸಿ ಇಡ್ತೆ. ಸಂಜೆ ಒಳಗೆ ನೆಟ್ಟಗಾಗ್ತವೆ, ನೋಡಿ ಬೇಕಾದ್ರೆ."

"ಇಟ್ಟದ್ದನ್ನ ಕದಲಿಸೋ ಹಾಗಿಲ್ಲ ಕೂಸೆ."

"ಹಾಗಾದ್ರೆ ಕಿಟಕಿ ಮುಚ್ಚುವ. ನಿಧಾನಕ್ಕೆ ತಾವೇ ಏಳ್ತವೆ."

ತಂದೆ ತಲೆ ಎತ್ತಿ ಮಗಳನ್ನು ನೋಡಿದರು. ಸಿಟ್ಟಿರಲಿಲ್ಲ, ಅದೇ ತೊಂದರೆ. "ನೀನು ಹೇಳಿದ್ದೆಲ್ಲ ಸರಿ. ಕಿಟಕಿ ತೆಗೆದೆ, ಬೆಳಕು ಬಂತು, ಬಾಗಿತು. ನಾನು ಹುಟ್ಟಿದಾಗಿಂದ ಯಾರೂ ತೆಗೆಯದ ಕಿಟಕಿ ಅದು. ನಿನ್ನೆಯೇ ತೆಗೀಬೇಕು ಅಂತ ನಿನಗೆ ಅನ್ನಿಸಿದ್ದು ಯಾಕೆ? ಅನ್ನಿಸಿದ್ದು ಯಾರು?"

ಮೇಡಂ ಕೆನ್ನೆಯ ಅರಿಶಿನವನ್ನು ಸೆರಗಿನಿಂದ ಒರೆಸಿಕೊಂಡರು.

ಆ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇತ್ತು. ಮೊಳಕೆ ಮಲಗಿ ಅಪಶಕುನ ಆಗಬಾರದು ಅಂತ ತೆಗೆದೆ ಎಂದರೆ ಮುಗಿಯಿತು. "ಅದನ್ನ ಹೇಳಿದ್ರೆ ನಾನೂ ನಂಬ್ತೇನೆ ಅಂತ ಆಗ್ತಿತ್ತು ಮಾರಾಯ್ತಿ" ಎಂದು ಬಹಳ ದಿನದ ಮೇಲೆ ಕೊಪ್ಪದ ಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಹೇಳಿದರು. ಹೇಳಿ ತುರಿಯುವುದನ್ನು ನಿಲ್ಲಿಸಲಿಲ್ಲ.

ಆ ದಿನ ಸಂಜೆ ಗಂಡಿನ ದಿಬ್ಬಣ ಬಂತು. ಅಷ್ಟು ಹೊತ್ತಿಗೆ ಮನೆಯವರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬಂದಿದ್ದರು, ಏನೂ ಹೇಳುವುದು ಬೇಡ ಎಂದು. ಗಂಡಿನ ಕಡೆಯವರು ಒಳಕೋಣೆಗೆ ಹೋಗುವುದೂ ಇಲ್ಲ, ನೋಡುವುದೂ ಇಲ್ಲ. ಅತ್ತೆ ಮೇಡಂ ತಂದೆಗೆ ಕೈ ಮುಗಿದು ಬೇಡಿಕೊಂಡಿದ್ದರು. ಕಾಲು ತೊಳೆದು, ಪಾನಕ ಕೊಟ್ಟು, ಚಾಪೆಯ ಮೇಲೆ ಎಲ್ಲರೂ ಕೂತ ಮೇಲೆ ತಂದೆ ಎದ್ದು ನಿಂತು ಗಂಡಿನ ತಂದೆಗೆ ಎಲ್ಲವನ್ನೂ ಹೇಳಿದರು. ಮೊಳಕೆ ಬಾಗಿದ್ದನ್ನು ಹೇಳಿದರು. ಮಗಳು ಕೊಟ್ಟ ಕಾರಣವನ್ನೂ ಒಂದು ಮಾತು ಬಿಡದೆ, ಸರಿಯಾಗಿ, ಹೇಳಿದರು. ಆಕ್ಸಿನ್ ಎಂಬ ಪದವನ್ನು ಅವರ ಬಾಯಲ್ಲಿ ಕೇಳಿದ್ದು ನನಗೆ ಈಗಲೂ…

"ಬೇರೆಯವ್ರ ಮನೇಲಿ ಇಷ್ಟು ವರ್ಷ ನೋಡಿ ಹೇಳಿದ್ದೇನೆ. ನನ್ನ ಮನೇದು ಅಂತ ಮುಚ್ಚಿಟ್ರೆ ಆಗ್ತದಾ?" ಎಂದರು.

ಗಂಡಿನ ದೊಡ್ಡಪ್ಪ ಕೈ ಹಿಸುಕಿಕೊಂಡರು. "ಭಟ್ರೇ, ನೀವು ಹೇಳದಿದ್ರೆ ನಾವು ಕೇಳ್ತಲೇ ಇರ್ಲಿಲ್ಲ. ಈಗ ಕೇಳಿಯಾಯ್ತಲ್ಲ. ಇನ್ನು ಕೇಳದ ಹಾಗೆ ಇರೂದು ಹೇಗೆ?"

ನಾನು ಗಂಡನ್ನೇ ನೋಡುತ್ತಿದ್ದೆ. ಪಾನಕದ ಲೋಟ ಅವರ ಕೈಯಲ್ಲಿತ್ತು. ಒಂದು ಮಾತು ಸಾಕಿತ್ತು. ಬೇಡ, ಒಂದು ನಗು ಸಾಕಿತ್ತು. ಮರದ ಸರಳುಗಳ ಕಡಿಗಂಡಿಯ ಆಚೆ ಮೇಡಂ ಅದಕ್ಕೇ ನಿಂತಿದ್ದರು. ಮದುಮಗ ಲೋಟವನ್ನು ಮೆಲ್ಲಗೆ, ಸದ್ದಾಗದ ಹಾಗೆ ನೆಲಕ್ಕೆ ಇಟ್ಟರು. ಅಪ್ಪ ಹೇಳಿದ ಹಾಗೆ ಎಂದರು. ಅಪ್ಪ ಇನ್ನೂ ಏನೂ ಹೇಳಿರಲಿಲ್ಲ.

ಗಂಡಿನ ಕಡೆಯವರು ಮುಂದಿನ ಮುಹೂರ್ತ ನೋಡುವ ಎಂದರು. ಮುರಿಯಿತು ಎಂದು ಯಾರೂ ಅನ್ನಲಿಲ್ಲ. ಆ ಮುಹೂರ್ತ ಬರಲಿಲ್ಲ. ಅಡಿಗೆಯವರು ಒಲೆ ಆರಿಸಬೇಕಾ ಎಂದು ಕೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಗಡಿಬಿಡಿಯಲ್ಲಿ ಕಿಟಕಿಯನ್ನು ಯಾರೂ ಮುಚ್ಚಿರಲಿಲ್ಲ. ಮಾರನೆಯ ಬೆಳಿಗ್ಗೆ, ಮದುವೆ ಆಗಬೇಕಿದ್ದ ಹೊತ್ತಿನಲ್ಲಿ, ಮೇಡಂ ಆ ಕೋಣೆಯ ಬಾಗಿಲಲ್ಲಿ ಕೂತಿದ್ದರು. ಕೈಯಲ್ಲಿ ಬಳೆ ಹಾಗೇ ಇದ್ದವು. ನಾನು ಹೋಗಿ ಪಕ್ಕದಲ್ಲಿ ಕೂತೆ. "ಹಸಿರಾಗ್ತಾ ಇದ್ದಾವೆ ನೋಡು" ಎಂದರು. ಹೌದು, ಹಳದಿ ಹೋಗಿ ಎಲೆಗಳಲ್ಲಿ ತೆಳ್ಳಗೆ ಹಸಿರು ಬಂದಿತ್ತು. ಮೊಳಕೆಗಳಿಗೆ ಏನೂ ಆಗಿರಲಿಲ್ಲ. ಅವು ಸುಖವಾಗಿದ್ದವು.

ಸುಖವಾಗಿದ್ದವು ಎಂದು ಬರೆದದ್ದನ್ನು ಅವರು ಓದಿದ್ದರೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದರು.

ಕಾಲೇಜು ತೆರೆಯಿತು. ಮೇಡಂ ಪಾಠ ಮಾಡಿದರು. ಹಾರ್ಮೋನಿನ ಪಾಠವನ್ನು ಆ ವರ್ಷ ಬಿಡುತ್ತಾರೆ ಎಂದುಕೊಂಡಿದ್ದೆ, ಬಿಡಲಿಲ್ಲ. ಅದೇ ರಟ್ಟಿನ ಪೆಟ್ಟಿಗೆ, ಅದೇ ಬೇಗಡೆ ಟೊಪ್ಪಿ. ಗೋಡೆಯ ಈಚೆ ನಾನು ಮಾತು ನಿಲ್ಲಿಸಿ ಕೇಳಿಸಿಕೊಂಡೆ. ದನಿಯಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಅಡಿಗೆಮನೆಯ ಕಿಟಕಿಯ ಬಳ್ಳಿಯನ್ನೂ ಅವರು ಎಸೆಯಲಿಲ್ಲ. ತಿರುಗಿಸುವುದನ್ನು ಮಾತ್ರ ಬಿಟ್ಟರು. ಅದು ಗಾಜಿಗೆ ಅಂಟಿಕೊಂಡು ಬೆಳೆಯಿತು.

ಒಂದೆರಡು ವರ್ಷದ ಮೇಲೆ ನನಗೆ ಒಂದು ವಿಷಯ ಗೊತ್ತಾಯಿತು. ಮೇಡಂ ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಬಿಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಬದಲಿಗೆ ಒಂದು ದಿನ ಮೊದಲೇ ಹೋಗುತ್ತಿದ್ದರು. ಬಸರೀಕಟ್ಟೆಯಲ್ಲಿ ನಮ್ಮ ಕಾಲೇಜಿನ ಆಫೀಸಿನವರೊಬ್ಬರ ಮಗಳ ಮದುವೆ. ಹಿಂದಿನ ದಿನ ಕಾಫಿ ಎಸ್ಟೇಟಿನ ಜೀಪಿನಲ್ಲಿ ಕುಲುಕಿಕೊಂಡು ಇಬ್ಬರೂ ಹೋದೆವು. ಹೆಂಗಸರು ಹೂ ಕಟ್ಟುತ್ತಿದ್ದರು. ಮೇಡಂ ಕಾಣಲಿಲ್ಲ. ಹುಡುಕಿಕೊಂಡು ಒಳಗೆ ಹೋದರೆ ಪಾಲಿಕೆಗಳ ಮುಂದೆ ಕೂತಿದ್ದರು. ಬಟ್ಟಲನ್ನು ಎತ್ತುತ್ತಿರಲಿಲ್ಲ. ಅದು ಇದ್ದಲ್ಲೇ ಇತ್ತು, ಅದರ ದಿಕ್ಕಿನಲ್ಲೇ. ಎರಡು ಬೆರಳು ಅಂಚಿಗೆ ಇಟ್ಟು, ಇದ್ದಲ್ಲೇ, ಬುಗುರಿಯನ್ನು ನಿಧಾನ ತಿರುಗಿಸಿದ ಹಾಗೆ, ಅರ್ಧ ಸುತ್ತು. ಆಮೇಲೆ ಮುಂದಿನದು. ಮದುವೆಯಾಗದ ಹೆಂಗಸು, ಅದೂ ಮದುವೆ ನಿಂತುಹೋದ ಹೆಂಗಸು, ಪಾಲಿಕೆ ಮುಟ್ಟಿದ್ದನ್ನು ಯಾರಾದರೂ ನೋಡಿದ್ದರೆ ಏನಾಗುತ್ತಿತ್ತೋ. ನಾನು ಬಾಗಿಲಿಗೆ ಅಡ್ಡ ನಿಂತೆ.

"ನೀವೂ ನಂಬ್ತೀರಾ ಮೇಡಂ?" ಎಂದು ಹಿಂತಿರುಗುವ ಜೀಪಿನಲ್ಲಿ ಕೇಳಿದೆ.

"ನಾನಲ್ಲ. ನಂಬುವವರ ಮನೇಲಿ ಮೊಳಕೆ ನೆಟ್ಟಗಿರ್ಲಿ ಅಂತ, ಅಷ್ಟೆ."

ಆಮೇಲೆ, "ಆ ಮನೆ ಕಿಟಕಿ ಪಡುವಕ್ಕೆ ಇತ್ತು, ನೋಡಿದ್ಯಾ?" ಎಂದರು. ನಾನು ನೋಡಿರಲಿಲ್ಲ.

ಎಷ್ಟು ಮನೆಗಳಲ್ಲಿ ಹೀಗೆ ಮಾಡಿದರೋ ನನಗೆ ಗೊತ್ತಿಲ್ಲ. ಎಷ್ಟೋ ಕಡೆ ಮನೆಯ ಹೆಂಗಸರಿಗೇ ಹೇಳಿಕೊಡುತ್ತಿದ್ದರು. ಅಲ್ಲಿ ಆಕ್ಸಿನ್ ಮಾತೇ ಇಲ್ಲ. ಹಾಲುನೀರು ಹಾಕುವಾಗ ಸ್ವಲ್ಪ ತಿರುಗಿಸಿ, ಎಲ್ಲ ಕಡೆ ನೀರು ಬೀಳಲಿ, ಎನ್ನುತ್ತಿದ್ದರು. ನೀರಿನ ಕಾರಣವನ್ನು ಎಲ್ಲರೂ ಒಪ್ಪುತ್ತಿದ್ದರು. ಆ ಬಾಗಿಲಲ್ಲಿ ನಿಂತು ನಿಜವಾದ ಕಾರಣ ಹೇಳಿದ ಮೇಲೆ ಅವರು ಅದನ್ನು ಯಾವ ಮದುವೆಮನೆಯಲ್ಲೂ ಮತ್ತೆ ಹೇಳಲಿಲ್ಲ.

ತಂದೆ ಕೊಪ್ಪಕ್ಕೆ ಆಗಾಗ ಬರುತ್ತಿದ್ದರು. ಆ ವರ್ಷದಿಂದ ಅವರು ಮದುವೆ ಮಾಡಿಸುವುದನ್ನು ನಿಲ್ಲಿಸಿದ್ದರು, ತಿಥಿಗಳಿಗೆ ಮಾತ್ರ ಹೋಗುತ್ತಿದ್ದರು. ಅಪ್ಪ ಮಗಳು ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ಅವರಿಗೆ ಇಷ್ಟ ಎಂದು ಮೇಡಂ ಕಬ್ಬಿನಹಾಲಿನ ಸಿಹಿ ತೊಡೆದೇವು ತರಿಸಿಡುತ್ತಿದ್ದರು. ಒಂದು ಬೆಳಿಗ್ಗೆ ನಾನು ಅಡಿಗೆಮನೆಗೆ ಹೋದಾಗ ಆ ವೃದ್ಧರು ಕಿಟಕಿಯ ಮುಂದೆ ನಿಂತಿದ್ದರು. ಬಾಟಲಿಯ ಬಳ್ಳಿಯನ್ನು ಗಾಜಿನಿಂದ ಬಿಡಿಸಿ, ಬಾಟಲಿಯನ್ನು ಮನೆಯ ಒಳಮುಖಕ್ಕೆ ತಿರುಗಿಸಿ ಇಡುತ್ತಿದ್ದರು. ನನ್ನನ್ನು ನೋಡಿ ಕೈ ಹಿಂದೆಗೆದುಕೊಂಡರು…

ಇದನ್ನು ಬರೆದು ಮುಗಿಸಿ ನೋಡಿದರೆ ನನಗೆ ಅನುಮಾನ ಬರುತ್ತಿದೆ. ತೀರ ಹೊಂದಿಕೊಂಡು ಬಂದಿದೆ. ಅಪ್ಪನಿಗೆ ಪಶ್ಚಾತ್ತಾಪ ಆಗಬೇಕೆಂದು ನನಗೆ ಬಹಳ ಆಸೆ ಇತ್ತು. ಅವರು ನೀರು ಕುಡಿಯಲು ಬಂದು ಬಾಟಲಿಯನ್ನು ಪಕ್ಕಕ್ಕೆ ಸರಿಸಿದ್ದೂ ಇರಬಹುದು. ಮೇಡಂಗೆ ನಾನು ಇದನ್ನು ಎಂದೂ ಹೇಳಲಿಲ್ಲ ಎಂಬುದಷ್ಟು ಖಚಿತ. ನಡೆದೇ ಇರಲಿಲ್ಲವಾದ್ದರಿಂದ ಹೇಳಲಿಲ್ಲವೋ ಏನೋ.

ನನಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೆ, ಆಮೇಲೆ ವಾಟ್ಸಾಪಿನಲ್ಲಿ ಹೂವಿನ ಚಿತ್ರ. ಅವರು ಕಳಿಸುತ್ತಿದ್ದ ಹೂವುಗಳ ಕೆಳಗೆ ಗಿಡದ ಹೆಸರು ಇರುತ್ತಿತ್ತು, ಶುಭಾಶಯ ಇರುತ್ತಿರಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಹೊಟ್ಟೆಯ ಕಾಯಿಲೆಯಂತೆ, ಯಾರಿಗೂ ಹೇಳಿರಲಿಲ್ಲವಂತೆ. ನನಗೆ ಗೊತ್ತಾಗುವಾಗ ಹದಿಮೂರನೆಯ ದಿನವೂ ಕಳೆದಿತ್ತು. ಹೇಳಿದವರು ಬೇರೆ ಯಾವುದೋ ಮಾತಿನ ನಡುವೆ, ನಿಮಗೆ ಗೊತ್ತಿರಬೇಕಲ್ಲ ಎಂದು ಹೇಳಿದರು. ನಾನು ಹೌದು ಎಂದುಬಿಟ್ಟೆ.

ಶೃಂಗೇರಿಯ ಆ ಒಳಕೋಣೆಯಲ್ಲಿ ನಾನು ಬ್ಯಾಗು ಕೆಳಗಿಟ್ಟೆ. ಕಿಟಕಿ ದೊಡ್ಡದು, ಈಗಿನ ಕಾಲದ್ದು, ಸರಿಸುವ ಗಾಜು. ಪರದೆಯ ಸಂದಿನಿಂದ ಬೆಳಕು ಧಾರಾಳವಾಗಿ ಬರುತ್ತಿತ್ತು. ಆದರೂ ಐದು ಬಟ್ಟಲಲ್ಲಿ ಒಂದು ಮೊಳಕೆಯೂ ಬಾಗಿರಲಿಲ್ಲ. ಅಷ್ಟರಲ್ಲಿ ಮನೆಯ ಸೊಸೆ, ಮೂವತ್ತರ ಹುಡುಗಿ, ಒಂದು ಕೈಯಲ್ಲಿ ಫೋನು ಒಂದು ಕೈಯಲ್ಲಿ ಹಾಲುನೀರಿನ ತಂಬಿಗೆ ಹಿಡಿದು ಬಂದಳು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಷಾಮಿಯಾನದವನಿಗೆ ಬೈಯುತ್ತ, ನೀರು ಚಿಮುಕಿಸಿ, ಎರಡು ಬೆರಳು ಅಂಚಿಗೆ ಇಟ್ಟು, ಇದ್ದಲ್ಲೇ ಅರ್ಧ ಸುತ್ತು… ಆಮೇಲೆ ಮುಂದಿನದು. ಅದೇ ಎರಡು ಬೆರಳು.

ಅವಳು ಫೋನಿಟ್ಟ ಮೇಲೆ ಕೇಳಿದೆ. "ಎಂತಕ್ಕೆ ತಿರುಗಿಸೋದು ಅದನ್ನ?"

"ಎಲ್ಲ ಕಡೆ ನೀರು ಬೀಳ್ಲಿ ಅಂತ ಅಲ್ವಾ ಅತ್ತೆ?"

"ಯಾರು ಹೇಳಿಕೊಟ್ರು?"

ಅವಳಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಯಾರೂ ಇಲ್ಲ. ಮೊದಲಿಂದ ಹಾಗೇ ಮಾಡೋದು. ಶಾಸ್ತ್ರ ಇರ್ಬೇಕು."

ಒಬ್ಬರಿದ್ದರು, ಕೊಪ್ಪದಲ್ಲಿ, ಎಂದು ನಾನು ಶುರು ಮಾಡಿದೆ. ಹೊರಗಿನಿಂದ ಯಾರೋ ಅವಳನ್ನು ಕೂಗಿದರು. "ಅತ್ತೆ, ಸಂಜೆ ಒಂದು ಸಲ ನೀವೇ ನೀರು ಹಾಕಿ ತಿರುಗಿಸ್ತೀರಾ? ನನಗೆ ಮರೆತುಹೋಗ್ತದೆ" ಎನ್ನುತ್ತ ಓಡಿದಳು.

ಸಂಜೆ ಹಾಕಿದೆ. ಒಂದೊಂದನ್ನೇ ತಿರುಗಿಸಿದೆ. ಬಟ್ಟಲಿನ ಅಂಚು ತಣ್ಣಗೆ ಒದ್ದೆಯಾಗಿತ್ತು. ಉಗುರಿಗೆ ಸ್ವಲ್ಪ ಮಣ್ಣು ಹತ್ತಿತು. ಕೈ ತೊಳೆಯಲು ಎದ್ದವಳು ತೊಳೆಯದೆ ಹಾಗೇ ಕೂತೆ.

ಉಪನಯನ ಚೆನ್ನಾಗಿ ಆಯಿತು. ಮಾರನೆಯ ದಿನ ಪಾಲಿಕೆಗಳನ್ನು ತುಂಗೆಗೆ ಬಿಡಲು ಹೊರಟರು, ನಾನೂ ಹೋದೆ. ಮಾಣಿಯ ಬೋಳುತಲೆಯನ್ನು ಎಲ್ಲರೂ ತಮಾಷೆ ಮಾಡುತ್ತಿದ್ದರು. ಯಾರೋ ಮೀನಿಗೆ ಮಂಡಕ್ಕಿ ಎಸೆಯುತ್ತಿದ್ದರು. ಬಟ್ಟಲುಗಳನ್ನು ನೀರಿಗೆ ಇಟ್ಟರು. ಮೊಳಕೆಗಳು ಕಡ್ಡಿ ನೆಟ್ಟ ಹಾಗೆ ನೆಟ್ಟಗೆ ನಿಂತು ಸ್ವಲ್ಪ ದೂರ ಹೋದವು, ಮುಳುಗಿದವು. ನೆಟ್ಟಗಿದ್ದವಲ್ಲ, ಯಾರೂ ಅವುಗಳ ಕಡೆ ತಿರುಗಿ ನೋಡಲಿಲ್ಲ. ಮೇಡಂಗೆ ಬೇಕಾದದ್ದು ಅಷ್ಟೇ ಆಗಿತ್ತು.